ಒಡ್ಡಿನ ಮೇಲಿನ ಡಬ್ಬಿ

ಅಥವಾ ಶಾಂತವ್ವ ಕೈ ಹಿಂದಕ್ಕೆ ಎಳೆದುಕೊಳ್ಳಲೇ ಇಲ್ಲವೇನೋ. ನಾನು ನೋಡಿದ್ದು ಇದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ: ಐಸಿಯು ಹಾಸಿಗೆಯ ಮೇಲೆ ಮಲಗಿದ್ದ ಹೆಂಗಸು ಹೊದಿಕೆಯ ಅಂಚಿನಲ್ಲಿ ಇಲ್ಲದ ಕಡಲೆ ಗಿಡಗಳ ಕುಡಿ ಚಿವುಟುತ್ತಿದ್ದಳು, ಒಮ್ಮೆ ತಟ್ಟನೆ ಕೈ ತೆಗೆದಳು, ಎದುರಿಗೆ ಏನನ್ನೋ ದಿಟ್ಟಿಸಿದಳು, ಆಮೇಲೆ ಮತ್ತೆ ಚಿವುಟತೊಡಗಿದಳು. ಆದರೆ ನನ್ನ ನೆನಪಿನಲ್ಲಿ ಆಕೆಯ ಮುಖದ ಮೇಲೆ ಬೆಳಗಿನ ಬಿಸಿಲು ಬಿದ್ದಿದೆ. ನಮ್ಮ ಹಳೆಯ ಐಸಿಯುವಿನ ಕಿಟಕಿ ಗಾಜಿಗೆಲ್ಲ ಬಿಳಿ ಬಣ್ಣ ಬಳಿದಿದ್ದರು, ಅಲ್ಲಿ ಯಾರ ಮುಖದ ಮೇಲೂ ಬಿಸಿಲು ಬೀಳುವಂತಿರಲಿಲ್ಲ. ಹಾಗಾದರೆ ಆ ಬಿಸಿಲನ್ನು ನಾನೇ ಎಲ್ಲಿಂದಲೋ ತಂದು ಹಾಕಿದ್ದೇನೆ. ಬಿಸಿಲು ತಂದವಳು ಕೈಯನ್ನೂ ತಂದಿರಬಹುದು.

ಈ ಸಲದ ಎಳ್ಳ ಅಮಾವಾಸ್ಯೆಗೆ ಮಸೂತಿಗೆ ಹೋಗದೆ ಇದ್ದಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ನಮ್ಮಲ್ಲಿ ಹೆಡ್ ಸಿಸ್ಟರ್ ಆಗಿದ್ದ ರೇಣುಕಾ ನಿವೃತ್ತಿಯ ನಂತರ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿದ್ದಾರೆ. ಮಸೂತಿಯಲ್ಲಿ ಅವರ ಅಣ್ಣಂದಿರ ಹೊಲವಿದೆ. "ಒಮ್ಮೆರ ಬರ್ರಿ ಮೇಡಂ, ಆಸ್ಪತ್ರಿ ಬಾಗಲಾ ನೀವು ಕಾಯದಿದ್ರ ಬಿದ್ದು ಹೋಗಂಗಿಲ್ಲ" ಎಂದು ಪ್ರತಿ ವರ್ಷ ಬೈಯುತ್ತಿದ್ದರು. ಹೋದೆ. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿತ್ತು. ಗಂಡಸರು ಬುಟ್ಟಿ ಹಿಡಿದು ಹೊಲದ ಸುತ್ತ ಚರಗ ಚೆಲ್ಲಿ ಬಂದರು, ಭೂಮಿಗೆ ಮೊದಲ ತುತ್ತು ಕೊಡುವ ಶಾಸ್ತ್ರ ಅದು. ಬನ್ನಿ ಗಿಡದ ನೆರಳಲ್ಲಿ ಕಂಬಳಿ ಹಾಸಿ ಸಜ್ಜಿ ಕಡುಬು, ಭಜ್ಜಿ, ಎಳ್ಳು ಹಚ್ಚಿದ ರೊಟ್ಟಿ ಬಡಿಸಿದರು. ಯಾರೋ ಆಗಷ್ಟೇ ಕಿತ್ತ ಒಂದು ಹಿಡಿ ಕಡಲೆ ಕುಡಿಯನ್ನು ನನ್ನ ಕೈಗೆ ಕೊಟ್ಟರು. ಎಳೆಯ ಕಡಲೆ ಕುಡಿಯನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚಿ ತಿನ್ನುವುದು ನಮ್ಮ ಕಡೆಯ ರೂಢಿ. ಆ ಗಿಡ ಮುಟ್ಟಿದರೇ ಬೆರಳು ಹುಳಿಯಾಗುತ್ತವೆ. ಹುಳಿಯ ವಾಸನೆ ಮೂಗಿಗೆ ಬಂತು, ಕೈ ಬಾಯಿಯವರೆಗೆ ಹೋಗಲಿಲ್ಲ.

ರೇಣುಕಾ ನೋಡಿದರು. "ತಿನ್ರಿ ಮೇಡಂ. ನಮ್ಮ ಹೊಲಕ್ಕ ಎಣ್ಣಿ ಹೊಡದಿಲ್ಲ."

ಎಣ್ಣಿ ಎಂದರೆ ಇಲ್ಲಿ ಬೆಳೆಗೆ ಸಿಂಪಡಿಸುವ ಕೀಟನಾಶಕ. ಆ ಮಾತು ಕೇಳಿದ ಕೂಡಲೇ ಹಳೆಯ ಚಳಿಗಾಲವೊಂದು, ಅದರ ಮೂಡುಗಾಳಿ, ಐಸಿಯು ಕಾರಿಡಾರಿನ ಫಿನೈಲು, ಎರಡು ಹಾಸಿಗೆಗಳು, ಎಲ್ಲ ಒಟ್ಟಿಗೆ ಬಂದವು. ಕ್ರಮವಾಗಿ ಬರಲಿಲ್ಲ. ಕ್ರಮ ನಾನು ಈಗ ಕೊಡುತ್ತಿರುವುದು, ಅದನ್ನು ಅಷ್ಟಾಗಿ ನಂಬಬೇಡಿ.

ಜಿಲ್ಲಾ ಸ್ಥಳದ ಬೋಧನಾ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕದ ಹೊಣೆಯನ್ನು ನಾನು ಹೊತ್ತ ಮೊದಲ ಚಳಿಗಾಲ ಅದು. ಇಂಡಿಯಲ್ಲಿ ಹುಟ್ಟಿ ಬೆಳೆದವಳು ನಾನು. ಓದಲು ದೂರ ಹೋಗಿ, ದೂರದಲ್ಲೇ ಕೆಲಸ ಮಾಡಿ, ಮರಳಿ ಬಂದಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲ ಕಡೆಯಿಂದಲೂ ಕೊನೆಯ ಉಸಿರಿನ ಹೊತ್ತಿಗೆ ಜನ ನಮ್ಮ ಬಾಗಿಲಿಗೇ ಬರುತ್ತಿದ್ದರು. ಹಾವು ಕಚ್ಚಿದವರು, ಹೆರಿಗೆಯಲ್ಲಿ ರಕ್ತ ಹೋದವರು, ಎಣ್ಣಿ ಕುಡಿದವರು. ಎಣ್ಣಿ ಕುಡಿದವರ ಚಿಕಿತ್ಸೆ ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಸ್ಟ್ರೆಚರ್ ಒಳಗೆ ಬರುವ ಮೊದಲೇ ವಾಸನೆಯಿಂದ ಗೊತ್ತಾಗಿ ರೇಣುಕಾ ಅಟ್ರೋಪಿನ್ ಇಂಜೆಕ್ಷನ್ನುಗಳ ಪೆಟ್ಟಿಗೆ ಒಡೆಯುತ್ತಿದ್ದರು.

ಆ ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ ಟಂಟಂ ಗಾಡಿಯಲ್ಲಿ ಇಬ್ಬರು ಹೆಂಗಸರನ್ನು ತಂದರು. ಮೋರಟಗಿ ಹತ್ತಿರದ ಒಂದು ಹಳ್ಳಿಯವರು. ಒಬ್ಬಳು ಶಾಂತವ್ವ, ಇನ್ನೊಬ್ಬಳು ಆಕೆಯ ನಾದಿನಿ, ಗಂಡನ ತಂಗಿ ಸುವರ್ಣಾ. ಸುವರ್ಣಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು, ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಇಬ್ಬರೂ ಹಬ್ಬದ ಇಳಕಲ್ ಸೀರೆಯಲ್ಲಿದ್ದರು, ಸೀರೆ ವಾಂತಿಯಲ್ಲಿ ತೊಯ್ದಿತ್ತು. ಗಾಡಿ ಓಡಿಸಿಕೊಂಡು ಬಂದವನು ಪಕ್ಕದ ಹೊಲದ ಮಲ್ಲಪ್ಪ. ಅವನು ಬಾಗಿಲಲ್ಲೇ ಕೂಗಿದ: "ಎಣ್ಣಿ ಹೊಡದ ಕಡ್ಲಿ ತಿಂದಾರ್ರಿ ಸಾಹೇಬ್ರ! ಲಗೂ ನೋಡ್ರಿ!"

ಆಗ ನಮ್ಮಲ್ಲಿ ಸ್ನಾತಕೋತ್ತರ ಓದುತ್ತಿದ್ದ ಡಾಕ್ಟರ್ ನಂದನ್ ಮೈಸೂರಿನವನು, ಈ ಸೀಮೆಗೆ ಬಂದು ಇನ್ನೂ ಹೊಸದು. ಓಡಿ ಬಂದು ನನಗೆ ವರದಿ ಕೊಟ್ಟ: "ಮೇಡಂ, ಇಬ್ಬರೂ ಎಣ್ಣೆ ಹೊಡೆದು ಕಡಲೆ ತಿಂದಿದ್ದಾರಂತೆ. ಆಲ್ಕೋಹಾಲ್ ಅನ್ಸುತ್ತೆ."

ರೇಣುಕಾ ಸಿರಿಂಜಿಗೆ ಮದ್ದು ತುಂಬುತ್ತಲೇ ಹೇಳಿದರು: "ಡಾಕ್ಟರ, ನಿಮ್ಮೂರಾಗ ಹೆಂಗೋ ಏನೋ. ನಮ್ಮ ಕಡಿ ಹೆಣ್ಮಕ್ಕಳು ಎಳ್ಳಮಾಸಿಗೆ ಹೊಲಕ್ಕ ಬಾಟ್ಲಿ ಒಯ್ಯಂಗಿಲ್ಲ. ಕಣ್ಣಾಗ ಬ್ಯಾಟ್ರಿ ಬಿಟ್ಟು ನೋಡ್ರಿ ಮೊದಲ."

ನಂದನ್ ನೋಡಿದ. ಇಬ್ಬರ ಕಣ್ಣ ಪಾಪೆಗಳೂ ಸಾಸಿವೆಯಷ್ಟಾಗಿದ್ದವು, ಕೀಟನಾಶಕದ ಗುರುತು ಅದು. ಅವನ ಮುಖ ಕೆಂಪಾಯಿತು. ಆಮೇಲೆ ಅವನು ಒಳ್ಳೆಯ ಡಾಕ್ಟರಾದ, ಆದರೆ ಈ ಕತೆ ಹೇಳಿ ಅವನನ್ನು ರೇಗಿಸುವುದನ್ನು ನಾವು ಕೊನೆಯವರೆಗೂ ಬಿಡಲಿಲ್ಲ.

ನಡೆದದ್ದು ಮಲ್ಲಪ್ಪನ ಬಾಯಿಂದ ಹೀಗೆ ಬಂತು. ಶಾಂತವ್ವನ ಗಂಡ ಬಸವರಾಜನ ಹೊಲದಲ್ಲಿ ಕಡಲೆ ಬೇಗ ಬಿತ್ತಿದ್ದು, ಆಗಲೇ ಕಾಯಿ ಕಟ್ಟಿತ್ತು. ಕಾಯಿ ಕಟ್ಟಿದ ಗಿಡದ ಕುಡಿ ಬಿರುಸು, ಯಾರೂ ತಿನ್ನುವುದಿಲ್ಲ. ಒಡ್ಡಿನ ಆಚೆ ಮಲ್ಲಪ್ಪ ತಡವಾಗಿ ಬಿತ್ತಿದ್ದ ಕಡಲೆ ಇನ್ನೂ ಎಳೆಯದು. ಗಂಡಸರು ಚರಗಕ್ಕೆ ಹೋದಾಗ ಈ ಇಬ್ಬರೂ ಒಡ್ಡು ದಾಟಿದರು. ಪಕ್ಕದವರ ಹೊಲದಲ್ಲಿ ಒಂದು ಉಡಿ ಕಡಲೆ ಕಿತ್ತರೆ ನಮ್ಮಲ್ಲಿ ಕಳ್ಳತನವಲ್ಲ, ಕೇಳುವುದೂ ಇಲ್ಲ. ಕೇಳಿದರೆ ಹೊಲದವನಿಗೇ ಬೇಜಾರು. ಕಿತ್ತಿದ್ದರಲ್ಲಿ ಅರ್ಧ ಉಡಿಗೆ, ಅರ್ಧ ಬಾಯಿಗೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಶಾಂತವ್ವ ಹೊಟ್ಟೆ ಹಿಡಿದುಕೊಂಡು ಕೂತಳು. ಹಾಗಾಗಿ ಉಡಿಯಲ್ಲಿದ್ದದ್ದನ್ನು ಬೇರೆ ಯಾರೂ ತಿನ್ನಲಿಲ್ಲ.

ಮಲ್ಲಪ್ಪ ಹಿಂದಿನ ಸಂಜೆಯೇ ಎಣ್ಣಿ ಹೊಡೆದಿದ್ದ. ಹುಳ ಬಹಳವಾಗಿತ್ತೆಂದು ಎರಡು ಥರದ್ದು ಕೂಡಿಸಿ, ಗಟ್ಟಿಯಾಗಿಯೇ ಹೊಡೆದಿದ್ದ. "ಡಬ್ಬಿ ಕಟ್ಟಿದ್ನ್ರಿ" ಎಂದ. ಎಣ್ಣಿ ಹೊಡೆದ ಹೊಲದ ಒಡ್ಡಿನ ಮೇಲೆ ಒಂದು ಕೋಲು ನೆಟ್ಟು ಖಾಲಿ ಡಬ್ಬಿಯನ್ನು ಬೋರಲಾಗಿ ಸಿಕ್ಕಿಸುವುದು ಆ ಊರಿನ ಪದ್ಧತಿ. ದನ ಬಿಡಬೇಡಿ, ಮೇವು ಕೊಯ್ಯಬೇಡಿ ಎಂದು ಅದರ ಅರ್ಥ. ಅದನ್ನು ನೋಡಿದವರು ಯಾರೂ ಒಳಗೆ ಕಾಲಿಡುವುದಿಲ್ಲ.

ಆ ಮೊದಲ ದಿನ ಡಬ್ಬಿಯ ಮಾತು ಯಾರಿಗೂ ಮುಖ್ಯವಾಗಿರಲಿಲ್ಲ. ನಮಗೆ ಮುಖ್ಯವಾಗಿದ್ದದ್ದು ಎದೆ. ಈ ವಿಷ ಶ್ವಾಸಕೋಶವನ್ನು ನೀರಿನಿಂದ ತುಂಬುತ್ತದೆ, ಮನುಷ್ಯ ಒಣ ನೆಲದ ಮೇಲೆ ಮಲಗಿಯೇ ಮುಳುಗುತ್ತಾನೆ. ಅಟ್ರೋಪಿನ್ ಆ ನೀರನ್ನು ಒಣಗಿಸುತ್ತದೆ. ಎದೆಯ ಮೇಲೆ ಕಿವಿ ಇಟ್ಟು, ಗುರುಗುರು ಸದ್ದು ನಿಲ್ಲುವವರೆಗೆ ಮದ್ದು ಏರಿಸುತ್ತ ಹೋಗಬೇಕು. ಹೆಚ್ಚಾದರೆ ರೋಗಿಯ ಬುದ್ಧಿ ಎಲ್ಲೋ ಅಲೆಯಲು ಹೋಗುತ್ತದೆ, ಇಲ್ಲದವರ ಜೊತೆ ಮಾತಾಡುತ್ತದೆ, ಆ ದಿನಗಳ ನೆನಪು ಮುಂದೆ ಉಳಿಯುವುದಿಲ್ಲ. ಕಡಿಮೆಯಾದರೆ ರೋಗಿಯೇ ಉಳಿಯುವುದಿಲ್ಲ. ಶಾಂತವ್ವನ ಎದೆ ಒಣಗಲು ಒಪ್ಪುತ್ತಿರಲಿಲ್ಲ. ನಾನು ಏರಿಸುತ್ತ ಹೋದೆ. ಇದನ್ನು ತಪ್ಪೊಪ್ಪಿಗೆಯಾಗಿ ಹೇಳುತ್ತಿಲ್ಲ. ಇವತ್ತು ಅದೇ ಎದೆ ನನ್ನ ಮುಂದೆ ಬಂದರೂ ಅಷ್ಟೇ ಏರಿಸುತ್ತೇನೆ. ಆದರೆ ಆಕೆಯ ಜೀವವನ್ನು ಹಿಡಿದು ನಿಲ್ಲಿಸಿದ ಕೈಯೇ ಆಕೆಯ ಆ ದಿನವನ್ನು ಒರೆಸಿತು, ಆ ಕೈ ನನ್ನದು.

ಸುವರ್ಣಾ ಹಗುರವಾಗಿದ್ದಳು. ಸ್ವಲ್ಪ ಮದ್ದಿಗೇ ಎದೆ ಒಣಗಿತು. ಮರುದಿನ ದಿಂಬಿಗೆ ಒರಗಿ ಕೂತು, ಎಲ್ಲರನ್ನೂ ಮಾತಾಡಿಸುತ್ತಿದ್ದಳು. ನನ್ನನ್ನು ಬಾಯಾರ ಎಂದು ಕರೆದು, ಮೊದಲು ಅತ್ತಿಗೆಯನ್ನೇ ವಿಚಾರಿಸಿದಳು.

"ಬಾಯಾರ, ನಮ್ಮ ವೈನಿ ಹೆಂಗದಾಳ್ರಿ?"

"ಸುಧಾರಸಾಕತ್ತಾಳವ್ವ. ನಿನಗಿಂತ ಜಾಸ್ತಿ ಹೋಗೇತಿ ಅಕಿ ಹೊಟ್ಟ್ಯಾಗ."

"ಹೋಗದೇನ್ರಿ. ಕಡ್ಲಿ ಕಂಡ್ರ ಅಕಿ ಆಡಾಗ್ತಾಳ." ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಮನಿಯವರು ಬಂದ್ರ ಕಡ್ಲಿ ತಿಂದು ಹಿಂಗಾತು ಅಂತ ಹೇಳಬ್ಯಾಡ್ರಿ. ಬ್ಯಾರೆ ಏನರ ದೊಡ್ಡ ಹೆಸರಿನ ಜಡ್ಡ ಹೇಳ್ರಿ. ಮುದ್ದೇಬಿಹಾಳ ಯಾರ್ಡಿನ್ಯಾಗ ತೂಕಾ ಮಾಡ್ತಾರ ಅವ್ರು. ಇಡೀ ಸಂತಿಗೆ ಹೇಳಿ ನಗಸ್ತಾರ" ಎಂದಳು.

ಆ ಬೆಳಗನ್ನು ನಾನು ಮತ್ತೆ ಮತ್ತೆ ತಿರುಗಿಸಿ ನೋಡಿದ್ದೇನೆ. ಎಲ್ಲ ನೆನಪಿದ್ದವಳು ಅವಳೊಬ್ಬಳೇ. ಒಡ್ಡು ದಾಟುವಾಗ ಏನು ಕಂಡಿತು ಎಂದು ಆಗ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ, ಕೇಳುವ ಕಾರಣವೇ ಆಗ ಹುಟ್ಟಿರಲಿಲ್ಲ. ನಾನು ಅವಳಿಗೆ ಹೇಳಿದ್ದು ಒಂದೇ: "ದಿಂಬಿನಿಂದ ತಲಿ ಎತ್ತು ತಂಗಿ." ವಿಷದ ಎರಡನೆಯ ಪೆಟ್ಟು ಮೊದಲು ಕುತ್ತಿಗೆಗೆ ಬೀಳುತ್ತದೆ, ಅದಕ್ಕೇ ಎತ್ತಿಸಿ ನೋಡುತ್ತೇವೆ. ಎತ್ತಿದಳು. "ಕಿರೀಟ ಹಾಕ್ತೀರೇನ್ರಿ?" ಎಂದಳು.

ಕಾರಣ ಹುಟ್ಟಿದ್ದು ಅದೇ ದಿನ, ಹೊರಗೆ ಕಾರಿಡಾರಿನಲ್ಲಿ. ಊರಿಂದ ಬಂದವರು ಸುದ್ದಿ ತಂದರು: ಒಡ್ಡಿನ ಮೇಲೆ ಕೋಲಿದೆ, ಡಬ್ಬಿಯೂ ಇದೆ. ಮಲ್ಲಪ್ಪನಿಗೆ ಅದು ಸಾಕ್ಷಿ. ಬಸವರಾಜನಿಗೂ ಅದೇ ಸಾಕ್ಷಿ, ಆದರೆ ತಿರುಗುಮುರುಗು.

"ನಿನ್ನೆ ನಾವು ಅಕಿನ್ನ ಎತ್ಕೊಂಡು ಓಡುವಾಗ ಡಬ್ಬಿ ಇದ್ದಿದ್ದಿಲ್ಲಲೇ. ನಿನ್ನ ತಮ್ಮನ ಕೈಲೆ ಆಮ್ಯಾಲ ಕಟ್ಟಿಸಿ."

"ಓಡುವಾಗ ನೀ ಒಡ್ಡು ನೋಡಿದೇನು, ಹೆಂಡ್ತಿ ಮಾರಿ ನೋಡಿದೇನು? ನನ್ನ ಮಕ್ಕಳಾಣಿ ಬಸಣ್ಣ, ಮುಂಜಾನಿನ ಕಟ್ಟೇನಿ. ಹ್ವಾದ ವರ್ಷ ನಿನ್ನ ಎತ್ತು ಬರ್ತಾವಂತ ಕಟ್ಟಿದ್ದಿಲ್ಲೇನು?"

"ಎತ್ತಿಗೆ ಕಟ್ಟಿದಿ. ಮನಷ್ಯಾರಿಗೆ ಕಟ್ಟಾಕ ಕೈ ಬರಲಿಲ್ಲ ನಿನಗ."

"ಕಟ್ಟದಾಂವ ಆಗಿದ್ರ ನಾ ಯಾಕ ನಿನ್ನಕಿಂತ ಮೊದಲ ಗಾಡಿ ತರ್ತಿದ್ನೋ?"

"ಅದಕ್ಕ ತಂದಿ. ಕಟ್ಟಿದ್ದಿಲ್ಲ ಅಂತ ನಿನಗ ಗೊತ್ತಿತ್ತು."

ಇಷ್ಟರಲ್ಲಿ ಕಾಲರಿಗೆ ಕೈ ಹೋಗಿತ್ತು. ರೇಣುಕಾ ಬಾಗಿಲು ತೆರೆದು ಹೊರಗೆ ತಲೆ ಹಾಕಿದರು. "ಒಳಗ ಎರಡು ಜೀವ ಗುದ್ದ್ಯಾಡಾಕತ್ತಾವ, ಹೊರಗ ನೀವು ಗುದ್ದ್ಯಾಡ್ತೀರೇನ್ರಪಾ? ಗೇಟಿನ ಹೊರಗ ಜಾಗಾ ಭಾಳ ಐತಿ, ಅಲ್ಲಿ ಹೋಗ್ರಿ. ಗಾಯ ಆದ್ರ ತಿರುಗಿ ಇಲ್ಲಿಗೇ ಬರ್ರಿ, ಬ್ಯಾಂಡೇಜ್ ಐತಿ."

ಕೈ ಕಾಲರ್ ಬಿಟ್ಟಿತು. ಬಾಗಿಲಿನ ಒಂದು ಬದಿಗೆ ಒಬ್ಬ, ಇನ್ನೊಂದು ಬದಿಗೆ ಇನ್ನೊಬ್ಬ ಗೋಡೆಗೆ ಒರಗಿ ಕೂತರು. ನಾನು ಒಳಗೆ ಹೋಗುವಾಗಲೆಲ್ಲ ಇಬ್ಬರೂ ಒಂದೇ ಸಲ ಎದ್ದು ನಿಲ್ಲುತ್ತಿದ್ದರು. ಇಬ್ಬರೂ ಕಾಯುತ್ತಿದ್ದದ್ದು ಅದೇ ಹೆಂಗಸು ಕಣ್ಣು ಬಿಡಲಿ ಎಂದು, ಬಾಯಿ ಬಿಡಲಿ ಎಂದು. ಸುವರ್ಣಾಳನ್ನು ಕೇಳಬಹುದು ಎಂದು ಅವರಿಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು. ಮರುದಿನ ರೌಂಡ್ಸಿನಲ್ಲಿ ನಾನು ತಲೆ ಎತ್ತು ಎಂದೆ. ಅವಳು ನಕ್ಕಳು, ಕಣ್ಣು ಎತ್ತಿದಳು, ಹುಬ್ಬು ಎತ್ತಿದಳು. ತಲೆ ದಿಂಬಿನ ಮೇಲೇ ಇತ್ತು. "ಬಾಯಾರ, ಯಾರೋ ಹಿಡ್ಕೊಂಡಾರ್ರಿ ಹಿಂದಿಂದ" ಎಂದಳು. ಅದು ಅವಳ ಕೊನೆಯ ಮಾತು. ಸ್ವಲ್ಪ ಹೊತ್ತಿಗೆ ಉಸಿರಿನ ಸ್ನಾಯುಗಳೂ ಸೋತವು. ಕೊಳವೆ ಹಾಕಿ ವೆಂಟಿಲೇಟರಿಗೆ ಸೇರಿಸಿದೆವು, ನಡುವೆ ಪರದೆ ಎಳೆದೆವು.

ಪರದೆಯ ಈಚೆ ಶಾಂತವ್ವ ಅಟ್ರೋಪಿನ್ನಿನ ಊರಿಗೆ ಹೋಗಿದ್ದಳು. ಅದನ್ನು ನೋಡದವರಿಗೆ ಹೇಳುವುದು ಕಷ್ಟ. ಮುಖ ಕೆಂಪು, ಕಣ್ಣ ಪಾಪೆ ಅಗಲ, ತುಟಿ ಒಣಗಿ ಬಿಳಿಚಿರುತ್ತದೆ. ಕೈಗಳು ಮಾತ್ರ ತಾವು ಬಲ್ಲ ಕೆಲಸವನ್ನು ಮಾಡುತ್ತಲೇ ಇರುತ್ತವೆ. ದರ್ಜಿಯೊಬ್ಬ ಗಾಳಿಯಲ್ಲಿ ಸೂಜಿ ಪೋಣಿಸಿದ್ದನ್ನು ನೋಡಿದ್ದೇನೆ, ಬಸ್ಸಿನ ಡ್ರೈವರೊಬ್ಬ ಗೇರು ಬದಲಿಸಿದ್ದನ್ನು ನೋಡಿದ್ದೇನೆ. ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಹೊದಿಕೆಯ ಮೇಲೆ ಅಂಗೈ ತಟ್ಟಿ, ತಿರುಗಿಸಿ, ಅಂಚು ಸವರಿ, ಇಲ್ಲದ ಹಂಚಿನ ಮೇಲೆ ಹಾಕಿ, ಇಲ್ಲದ ನೀರು ಸವರುತ್ತಿದ್ದಳು.

ವಿಷದ ಕೇಸಾದ್ದರಿಂದ ಹೇಳಿಕೆ ಪಡೆಯಲು ಹೆಡ್ ಕಾನ್‌ಸ್ಟೇಬಲ್ ಬಂದಿದ್ದರು, ವಯಸ್ಸಾದ ಸಂಕೋಚದ ಮನುಷ್ಯ. "ಪೇಷಂಟ್ ಮಾತಾಡಾಕ ಫಿಟ್ ಅದಾರೇನ್ರಿ ಮೇಡಂ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಶಾಂತವ್ವ ಅವರನ್ನು ನೋಡಿದಳು.

"ಬರ್ರಿ ಅಣ್ಣಾರ, ಹೊರಗ್ಯಾಕ ನಿಂತೀರಿ? ಕುಂದರ್ರಿ. ಎರಡು ಬಿಸೇವು ಹಾಕ್ತೇನಿ."

ಅವರು ಟೋಪಿ ತೆಗೆದರು. "ಊಟ ಆಗೇತಿ ತಂಗಿ."

"ಹಬ್ಬದ ದಿನ ಹಂಗ ಅನಬಾರದ್ರಿ."

ಕಾನ್‌ಸ್ಟೇಬಲ್ ನನ್ನ ಮುಖ ನೋಡಿದರು, ಆಮೇಲೆ ಸ್ಟೂಲಿನ ಮೇಲೆ ಕೂತರು. ಆಕೆ ಬಡಿಸಿದಳು. ಅವರು ಖಾಲಿ ಅಂಗೈ ಚಾಚಿ ಇಸಿದುಕೊಂಡರು. ಫಿಟ್ ಇಲ್ಲ ಎಂದು ನಾನು ಬರೆದುಕೊಟ್ಟೆ. ಹೊರಗೆ ಹೋಗುವಾಗ ಅವರು ಕಣ್ಣು ಒರೆಸಿಕೊಂಡರೋ ಬೆವರು ಒರೆಸಿಕೊಂಡರೋ, ಚಳಿಗಾಲ ಎಂಬುದನ್ನು ಬಿಟ್ಟರೆ ತೀರ್ಮಾನಿಸಲು ನನ್ನ ಬಳಿ ಏನೂ ಇಲ್ಲ.

ಅದಾದ ಮೇಲಿನ ಬೆಳಗು, ಅಥವಾ ಅದೇ ದಿನ ಸ್ವಲ್ಪ ಹೊತ್ತಿನ ನಂತರ, ಕೈಗಳು ರೊಟ್ಟಿ ಬಿಟ್ಟು ಕಡಲೆಗೆ ಬಂದವು. ಇದು ನಾನು ಮೊದಲೇ ಹೇಳಿದ್ದು. ಹೆಬ್ಬೆರಳು ತೋರುಬೆರಳು ಸೇರಿಸಿ ಹೊದಿಕೆಯ ಅಂಚನ್ನು ಚಿವುಟುವುದು, ಉಡಿಗೆ ಹಾಕುವುದು, ಬಾಯಿಗೆ ಹಾಕುವುದು. ಇಂಡಿಯಲ್ಲಿ ನಾನೂ ಹಾಗೆ ಕಿತ್ತವಳು, ಕೈ ನೋಡಿದರೆ ಯಾವ ಗಿಡ ಎಂದು ಗೊತ್ತಾಗುತ್ತದೆ. ಕೈ ತಟ್ಟನೆ ಹಿಂದಕ್ಕೆ ಬಂತು. ದಿಟ್ಟಿಸಿದಳು. "ಸುವರ್ಣಾ, ಅಲ್ಲಿ ಬ್ಯಾಡ. ಈ ಕಡಿ ಬಾ" ಎಂದಳು. ಪರದೆಯ ಆಚೆ ವೆಂಟಿಲೇಟರ್ ಉಸಿರು ಬಿಟ್ಟಿತು. ಆಕೆ ಮತ್ತೆ ಚಿವುಟತೊಡಗಿದಳು.

ಮಾತು ಆಡಿದ್ದು ಖಂಡಿತ. ನಂದನ್ ಕೂಡ ಪಕ್ಕದಲ್ಲಿದ್ದ. ಕೇಸ್ ಶೀಟಿನಲ್ಲಿ ಅವನು ಬರೆದದ್ದು "ಅಸಂಬದ್ಧ ಮಾತು" ಎಂದಷ್ಟೇ, ನಾನೇ ಅವನಿಗೆ ಹಾಗೆ ಬರೆಯಲು ಕಲಿಸಿದ್ದು. ಕೈಯ ವಿಷಯ ಮಾತ್ರ ನನ್ನನ್ನು ಹೀಗೆ ಕಾಡುತ್ತದೆ: ಡಬ್ಬಿಯ ಜಗಳವನ್ನು ನಾನು ಅಷ್ಟರಲ್ಲಾಗಲೇ ಕೇಳಿದ್ದೆ. ಕೇಳಿರದಿದ್ದರೆ ಆ ಕೈ ನನ್ನ ಕಣ್ಣಿಗೆ ಬೀಳುತ್ತಿತ್ತೇ? ಐಸಿಯುವಿನಲ್ಲಿ ಕೈಗಳು ದಿನವಿಡೀ ಹಿಂದಕ್ಕೆ ಮುಂದಕ್ಕೆ ಆಗುತ್ತಲೇ ಇರುತ್ತವೆ.

ಸುವರ್ಣಾ ಉಳಿಯಲಿಲ್ಲ. ಎದೆಗೆ ಸೋಂಕು ಇಳಿಯಿತು, ಆಮೇಲೆ ಹೃದಯ ನಿಂತಿತು. ನಾವು ಎದೆ ಒತ್ತಿದೆವು, ಬಹಳ ಹೊತ್ತು ಒತ್ತಿದೆವು. ಅವಳ ಗಂಡ ಮುದ್ದೇಬಿಹಾಳದಿಂದ ಬಂದಿದ್ದ. ತೂಕದ ಕೆಲಸದ ತೆಳ್ಳನೆಯ ಮನುಷ್ಯ, ನಗಿಸುವವನಂತೆ ಕಾಣಲಿಲ್ಲ. "ಏನ್ ಜಡ್ಡಿನ್ಯಾಗ ಹ್ವಾದ್ಳ್ರಿ?" ಎಂದು ಕೇಳಿದ. ಅವಳು ಕೇಳಿಕೊಂಡಿದ್ದ ದೊಡ್ಡ ಹೆಸರು ನನ್ನ ಬಾಯಿಗೆ ಬಂತು. ಹೇಳಿದೆ. ಅದು ಸುಳ್ಳೇನೂ ಅಲ್ಲ.

ಅದೇ ವಾರ ಶಾಂತವ್ವನ ಎದೆ ಒಣಗಿತು, ಮದ್ದು ಇಳಿಸಿದೆ, ಬುದ್ಧಿ ಮರಳಿ ಬಂತು. ಕಾನ್‌ಸ್ಟೇಬಲ್ ಬಂದರು. ಇಬ್ಬರು ಗಂಡಸರು ಬಾಗಿಲಲ್ಲಿ ನಿಂತರು. ಎಲ್ಲರೂ ಆಕೆಯ ತುಟಿ ನೋಡುತ್ತಿದ್ದರು. ಆಕೆ ಹೇಳಿದ್ದು: "ಬುಟ್ಟಿ ತಲಿ ಮ್ಯಾಲ ಇಟ್ಕೊಂಡು ಮನಿ ಹೊಸ್ತಿಲ ದಾಟಿದ್ದು ನೆನಪೈತ್ರಿ. ಅದರ ಮುಂದ ಏನೂ ಇಲ್ಲ." ಡಬ್ಬಿ? ಇಲ್ಲ. ಒಡ್ಡು? ಇಲ್ಲ. ಹೊಲ ಮುಟ್ಟಿದ್ದೇ ನೆನಪಿಲ್ಲ. "ಸುವರ್ಣಾ ಎಲ್ಲಿ?" ಎಂದಳು. ಮಲ್ಲಪ್ಪ ಮುಖ ಮುಚ್ಚಿಕೊಂಡು ಕಾರಿಡಾರಿನಲ್ಲಿ ಕೂತುಬಿಟ್ಟ.

ಜೋಳದ ಸುಗ್ಗಿಯ ಹೊತ್ತಿಗೆ, ಗಾಳಿಯಲ್ಲಿ ರವದಿ, ಅಂದರೆ ಜೋಳದ ಒಣ ಗರಿ, ಹಾರುತ್ತಿದ್ದ ದಿನಗಳಲ್ಲಿ, ಆಕೆ ತಪಾಸಣೆಗೆ ಬಂದಳು. ಗಂಡನನ್ನು ಔಷಧದ ಅಂಗಡಿಗೆ ಕಳಿಸಿ, ಒಬ್ಬಳೇ ನನ್ನ ಮುಂದೆ ಕೂತಳು.

"ಬಾಯಾರ, ಮೈ ಆರಾಮೈತಿ. ಒಂದು ಮಾತು ಕೇಳಾಕ ಬಂದೇನಿ. ಜ್ಞಾನ ಇಲ್ಲದಾಗ ನಾ ಏನೇನೋ ಮಾತಾಡಿದ್ನಂತ, ಸಿಸ್ಟರ್ ಹೇಳಿದ್ರು. ಏನಂದ್ನಿ?"

"ಆ ಮದ್ದಿನ ಅಮಲಿನ್ಯಾಗ ಆಡಿದ್ದಕ್ಕ ಅರ್ಥ ಇರಂಗಿಲ್ಲವ್ವ."

"ಅರ್ಥ ನಾ ಹಚ್ಕೋತೀನ್ರಿ. ನೀವು ಬರೇ ಹೇಳ್ರಿ."

ಹೇಳಿದೆ. ರೊಟ್ಟಿ ಬಡಿದದ್ದು, ಪೊಲೀಸರಿಗೆ ಬಡಿಸಿದ್ದು. ಅಷ್ಟಕ್ಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಸುವರ್ಣಾಳನ್ನು ಕರೆದದ್ದನ್ನು ಹೇಳಿದೆ, ಆ ಮಾತನ್ನು ಅದು ಬಂದ ಹಾಗೆಯೇ ಹೇಳಿದೆ. ಕೈ ಹಿಂದಕ್ಕೆ ಬಂದಂತೆ ನನಗೆ ಕಂಡಿತು ಎಂದೂ, ಅದು ಯಾವುದಕ್ಕೂ ಸಾಕ್ಷಿಯಲ್ಲ ಎಂದೂ ಹೇಳಿದೆ. ಆಕೆ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಬೇರೆಯವರದೇನೋ ಎಂಬಂತೆ ನೋಡಿದಳು.

"ನಮ್ಮ ಮನಿಯವರು ಡಬ್ಬಿ ಇದ್ದಿದ್ದಿಲ್ಲ ಅಂತಾರ್ರಿ. ಮಲ್ಲಪ್ಪಣ್ಣ ಇತ್ತು ಅಂತಾನ. ಅತ್ತಿ ನನ್ನ ಮಾರಿ ನೋಡ್ತಾಳ. ಕೇಳಿ ಕೇಳಿ ಈಗ ಕಣ್ಣು ಮುಚ್ಚಿದ್ರ ಡಬ್ಬಿ ಕಾಣಾಕತ್ತೇತಿ. ಒಂದಿನ ಕೆಂಪಂದು, ಒಂದಿನ ನೀಲಿದು. ಮಲ್ಲಪ್ಪಣ್ಣ ಬಿಳೇದು ಅಂತಾನ. ಖರೇ ನೋಡಿದ್ದಾದ್ರ ಒಂದ ಬಣ್ಣ ಇರಬೇಕಲ್ರಿ?"

"ನನಗ ಗೊತ್ತಿಲ್ಲ ಶಾಂತವ್ವ" ಎಂದೆ.

"ಗೊತ್ತಿಲ್ಲ ಅಂದವರು ನೀವೊಬ್ಬರ ನೋಡ್ರಿ. ಉಳಿದವರಿಗೆಲ್ಲಾ ಗೊತ್ತೈತಿ." ಮೇಜಿನ ಮೇಲಿಂದ ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. "ಮಲ್ಲಪ್ಪಣ್ಣ ಹೊಲಕ್ಕ ಹೋಗೂದು ಬಿಟ್ಟಾನ್ರಿ. ಅವನ ಹೆಂಡ್ತಿ ಅವನ್ನ ಕಾಯಕೋತ ಕುಂತಾಳ, ಏನರ ಮಾಡ್ಕೋತಾನಂತ."

ಅಷ್ಟರಲ್ಲಿ ಗಂಡ ಬಂದ. ಆಕೆ ಎದ್ದಳು. "ಬರ್ತೇನ್ರಿ, ಸಿಂದಗಿ ಬಸ್ ಐತಿ."

ಮುಂದಿನದನ್ನು ನನಗೆ ಹೇಳಿದವರು ಅದೇ ಕಾನ್‌ಸ್ಟೇಬಲ್, ಸಾವಿನ ಕಾಗದಪತ್ರಕ್ಕೆಂದು ಬಂದಾಗ. ಶಾಂತವ್ವ ಊರಿನವರೆಲ್ಲರ ಮುಂದೆ, ಪೊಲೀಸರ ಮುಂದೆ, ಮುದ್ದೇಬಿಹಾಳದಿಂದ ಬಂದ ಬೀಗರ ಮುಂದೆ ಹೇಳಿದಳಂತೆ: "ಡಬ್ಬಿ ಇತ್ತು. ನಾ ನೋಡೇನಿ. ಹೊಲದ ನಡುವ ಹೋಗೂದು ಬ್ಯಾಡ, ಒಡ್ಡಿನ ಅಂಚಿಗಿನ ಗಿಡಕ್ಕ ಎಣ್ಣಿ ತಾಗಿರಂಗಿಲ್ಲ, ಈ ಕಡಿ ಬಾ ಅಂತ ನಾನ ಸುವರ್ಣಾನ ಕರದೆ. ಮಲ್ಲಪ್ಪಣ್ಣಂದು ಏನೂ ಇಲ್ಲ." ಕಾನ್‌ಸ್ಟೇಬಲ್ ಹೇಳಿದರು, ಹೇಳುವಾಗ ಆಕೆ ಅಳಲಿಲ್ಲ, ಲೆಕ್ಕ ಒಪ್ಪಿಸುವವರ ಹಾಗೆ ನಿಂತು ಹೇಳಿದಳು ಎಂದು. "ಬಸವರಾಜ ನಡುವ ಬಾಯಿ ಹಾಕಿದ್ನ್ರಿ. ಏ, ನಿನಗ ನೆನಪ ಇಲ್ಲಲಾ ಅಂದ. ಈಗ ಬಂತು ಅಂದ್ಳು."

ಮಲ್ಲಪ್ಪ ಉಳಿದ. ಅವನ ಮೇಲೆ ಕೇಸು ನಡೆಯಲಿಲ್ಲ. ಶಾಂತವ್ವನಿಗೆ ಅದರ ಬೆಲೆ ಬಿತ್ತು: ಮುದ್ದೇಬಿಹಾಳದ ಬೀಗರು ಆ ಮನೆಯ ಬಾಗಿಲು ತುಳಿಯುವುದನ್ನು ಬಿಟ್ಟರು, ಮಗಳನ್ನು ಕಳೆದುಕೊಂಡ ಅತ್ತೆ ಸೊಸೆಯ ಕೈಯ ಊಟ ಬಿಟ್ಟು ಬೇರೆ ಒಲೆ ಹೂಡಿದಳು. ಆ ಒಲೆ ಇನ್ನೂ ಬೇರೆಯೇ ಇದೆ ಎಂದು ಮೋರಟಗಿಯಿಂದ ಬಂದ ಒಬ್ಬ ರೋಗಿಯ ಕಡೆಯವರು ಹೇಳಿದರು. ಮಲ್ಲಪ್ಪ ಪ್ರತಿ ಎಳ್ಳ ಅಮಾವಾಸ್ಯೆಗೆ ತನ್ನ ಹೊಲಕ್ಕಿಂತ ಮೊದಲು ಬಸವರಾಜನ ಹೊಲಕ್ಕೆ ಹೋಗಿ, ಯಾರೂ ಕರೆಯದೆ ಚರಗ ಚೆಲ್ಲಿ ಬರುತ್ತಾನೆ ಎಂದೂ ಹೇಳಿದರು. ಅದು ಉಳಿಸಿದವಳಿಗೆ ಸಲ್ಲಿಸುವ ಕೃತಜ್ಞತೆಯೋ, ಡಬ್ಬಿ ಕಟ್ಟದವನ ಪ್ರಾಯಶ್ಚಿತ್ತವೋ, ದೂರದಿಂದ ನೋಡಿದರೆ ಎರಡೂ ಒಂದೇ ಬುಟ್ಟಿ.

ಇದೆಲ್ಲವನ್ನೂ ಮಸೂತಿಯ ಬನ್ನಿ ಗಿಡದ ಕೆಳಗೆ ರೇಣುಕಾ ಹತ್ತಿರ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು. ಕೈಯ ಮಾತು ಬಂದಾಗ ತಲೆ ಅಲ್ಲಾಡಿಸಿದರು.

"ಅದು ಸೂಜಿಗೆ ಎಳಕೊಂಡಿದ್ದು ಮೇಡಂ."

"ಯಾವ ಸೂಜಿ?"

"ಸಲೈನಿನ ಸೂಜಿ. ಕೈ ಬಾತಿತ್ತು, ನರ ಸಿಗವಲ್ದಾಗಿತ್ತು. ನಂದನ್ ಡಾಕ್ಟರ್ ಚುಚ್ಚಿ ಚುಚ್ಚಿ ಸೋತ್ರು. ಆಮ್ಯಾಲ ನೀವ ಹಚ್ಚಿದ್ರಿ. ಚುಚ್ಚಿದ ಕೂಡಲೇ ಅಕಿ ಕೈ ಎಳಕೊಂಡು ನಿಮ್ಮ ಮಾರಿ ನೋಡಿದ್ಳು."

"ನಾನಾ? ನಾ ಸೂಜಿ ಹಚ್ಚಿದ್ದು ನನಗ ನೆನಪ ಇಲ್ಲ."

"ನಿಮಗ ನೆನಪ ಇರಂಗಿಲ್ರಿ. ದಿನಾ ಹಚ್ಚೋರಿಗೆ ಯಾವುದಂತ ನೆನಪಿರತೈತಿ?" ಆಮೇಲೆ ಅವರೇ ತಡೆದು ಹೇಳಿದರು: "ಅಥವಾ ಅದು ಬ್ಯಾರೆ ಪೇಷಂಟ್ ಇರಬಹುದು. ನನಗೂ ವಯಸ್ಸಾತು. ತಿನ್ರಿ, ರೊಟ್ಟಿ ಆರಾಕತ್ತೇತಿ."

ಅಲ್ಲಿಂದ ಬಂದ ಮೇಲೆ ನನ್ನ ಬಳಿ ಎರಡು ಚಿತ್ರಗಳಿವೆ. ಒಂದರಲ್ಲಿ ಆಕೆ ಡಬ್ಬಿಯನ್ನು ನೋಡುತ್ತಿದ್ದಾಳೆ. ಇನ್ನೊಂದರಲ್ಲಿ, ಸೂಜಿ ಹಿಡಿದ ನನ್ನನ್ನು ನೋಡುತ್ತಿದ್ದಾಳೆ. ಎರಡನೆಯದು ಬಂದು ಕೆಲವೇ ದಿನಗಳಾದರೂ ಅದಾಗಲೇ ಮೊದಲನೆಯದರಷ್ಟೇ ಹಳೆಯದಾಗಿ ಕಾಣುತ್ತಿದೆ.

ಆ ದಿನ ಒಡ್ಡಿನ ಮೇಲೆ ಡಬ್ಬಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಶಾಂತವ್ವ ಅದನ್ನು ನೆನಪಿನಿಂದ ಹೇಳಿದಳೋ, ನಾನು ಕೊಟ್ಟ ಒಂದು ಕೈ ಮತ್ತು ಒಂದು ಮಾತಿನಿಂದ ಕಟ್ಟಿಕೊಂಡು ನೆರೆಯವನನ್ನು ಉಳಿಸಲು ಹೇಳಿದಳೋ, ಗೊತ್ತಿಲ್ಲ. ಮೋರಟಗಿ ದೂರವಿಲ್ಲ, ಹೋಗಿ ಕೇಳಬಹುದು. ಆದರೆ ಅದು ಈಗ ಆಕೆಗಾದರೂ ಗೊತ್ತಿದೆಯೇ ಎಂಬುದು ನನಗೆ ಗೊತ್ತಿಲ್ಲ.